ಸಭೆಯಲ್ಲಿ ಎಲ್ಲರೂ ‘ಹೂಂ’ ಅಂತಾರೆ, ಹೊಲದಲ್ಲಿ ಯಾರೂ ಮಾಡಲ್ಲ: ಊರಲ್ಲಿ ಯಾರ ಮಾತು ನಡೆಯುತ್ತೆ ಅಂತ ಹುಡುಕೋದು ಹೇಗೆ?

ಹಿಂಗಾರಿ_ಗದಗ

ಗದಗ ತಾಲ್ಲೂಕಿನ ಎರಿ ಸೀಮೆಯ ಒಂದು ಊರು. ಸುಮಾರು 300 ಮನೆ, ಆರು ಓಣಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ರೈತ ಉತ್ಪಾದಕರ ಕಂಪನಿ ಕಡೆಯಿಂದ ಕಡಲೆಗೆ ಬೀಜೋಪಚಾರ, ಅಂದರೆ ಬಿತ್ತುವ ಮೊದಲು ಬೀಜಕ್ಕೆ ಔಷಧ ಹಚ್ಚುವುದು, ಮಾಡಿಸುವ ಕೆಲಸ ನಡೆದಿದೆ. ಸೊರಗು ರೋಗಕ್ಕೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ), ಕೆ.ಜಿ. ಬೀಜಕ್ಕೆ 4 ಗ್ರಾಂ. ದುಡ್ಡಿನ ಹೊರೆ ಇಲ್ಲ, ಬಿತ್ತುವ ದಿನ ಮುಂಜಾನೆ ತಾಸಿನ ಕೆಲಸ.

ಹೋದ ಹಿಂಗಾರಿಗೆ ಪಂಚಾಯ್ತಿ ಸದಸ್ಯರು, ಸೊಸೈಟಿ ಚೇರ್ಮನ್ನರು, ಇಬ್ಬರು ದೊಡ್ಡ ಹೊಲದವರು, ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ, ಇಷ್ಟು ಜನರನ್ನು ಕೂಡಿಸಿ ಸಭೆ ಮಾಡಿದ್ದಾಯಿತು. ಎಲ್ಲರೂ ಒಪ್ಪಿದರು. ಊರಿನ ವಾಟ್ಸಾಪ್ ಗುಂಪಿಗೆ ವಿಡಿಯೊ ಹೋಯಿತು. ವಿಷಯ ಗೊತ್ತಿಲ್ಲ ಅನ್ನುವ ಮನೆ ಊರಲ್ಲಿ ಕಡಿಮೆ. ಆದರೆ ಮಾಡಿದವರು ಬೆರಳೆಣಿಕೆ.

ಕೇಳಬೇಕಾದ್ದು ಮೂರು. ಊರಲ್ಲಿ ನಿಜವಾಗಿ ಯಾರ ಮಾತು ಹರಡುತ್ತದೆ ಅಂತ ಕಂಡುಹಿಡಿಯಲು ಮನೆ ಮನೆ ಸರ್ವೆ ಮಾಡಲೇಬೇಕೆ? ಗೊತ್ತಿದ್ದೂ ಯಾಕೆ ಮಾಡುವುದಿಲ್ಲ? ಮುಂದಿನ ಸಲ ಬದಲಾದರೆ ಅದನ್ನು ನಂಬುವ ಹಾಗೆ ಅಳೆಯುವುದು ಹೇಗೆ?

ಓಣಿನಕ್ಷೆ

ನಿಮ್ಮ ಪ್ರಶ್ನೆಯಲ್ಲೇ ಎರಡು ಬೇರೆ ಬೇರೆ ಕೆಲಸ ಕೂಡಿಕೊಂಡಿವೆ: ಸುದ್ದಿ ಹರಡುವುದು ಒಂದು, ನಡವಳಿಕೆ ಹರಡುವುದು ಇನ್ನೊಂದು. ಸುದ್ದಿಯ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಅದರ ಮೇಲೆ ಒಳ್ಳೆಯ ಕೆಲಸ ನಮ್ಮ ಕರ್ನಾಟಕದ ಹಳ್ಳಿಗಳಲ್ಲೇ ಆಗಿದೆ.

ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡುಫ್ಲೊ, ಮ್ಯಾಥ್ಯೂ ಜಾಕ್ಸನ್ ಈ ಅರ್ಥಶಾಸ್ತ್ರಜ್ಞರ ತಂಡ ಕರ್ನಾಟಕದ 213 ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿತು. ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಬಹುಮಾನದ ಅವಕಾಶ. ಈ ಸುದ್ದಿಯನ್ನು ಪ್ರತಿ ಊರಲ್ಲಿ ಕೆಲವರಿಗೆ ಮಾತ್ರ ಹೇಳಿದರು. ಕೆಲವು ಊರಲ್ಲಿ ಚೀಟಿ ಎತ್ತಿದಂತೆ ಯಾರಿಗೋ, ಕೆಲವು ಊರಲ್ಲಿ ಹಿರಿಯರಿಗೆ, ಇನ್ನು ಕೆಲವು ಊರಲ್ಲಿ ‘ಸುದ್ದಿ ಹರಡಲು ಇವರಿಗೆ ಹೇಳಿ’ ಅಂತ ಊರವರೇ ಹೆಸರಿಸಿದವರಿಗೆ. ಬಂದ ಕರೆಗಳ ಸರಾಸರಿ: ಚೀಟಿಯವರ ಊರಲ್ಲಿ 8.1, ಹಿರಿಯರ ಊರಲ್ಲಿ 6.9, ಊರವರು ಹೆಸರಿಸಿದವರ ಊರಲ್ಲಿ 11.7. ಹಿರಿಯರದು ಚೀಟಿಗಿಂತ ಮೇಲಿಲ್ಲ ಅನ್ನುವುದನ್ನು ಗಮನಿಸಿ. ನಿಮ್ಮ ಸಭೆಗೆ ಬಂದವರ ಪಟ್ಟಿ ಹೆಚ್ಚುಕಡಿಮೆ ಅದೇ.

ಆದ್ದರಿಂದ 300 ಮನೆಯ ಸರ್ವೆ ಬೇಡ. ಪೂರ್ತಿ ಜಾಲದ ನಕ್ಷೆ, ಅಂದರೆ ಯಾವ ಮನೆಗೆ ಯಾವ ಮನೆಯ ಸಂಬಂಧ ಅನ್ನುವ ಗೆರೆಗಳ ಚಿತ್ರ, ಬೇಕೆಂದರೆ ಹೆಚ್ಚುಕಡಿಮೆ ಎಲ್ಲ ಮನೆ ಕೇಳಲೇಬೇಕು. ಅರ್ಧ ಮನೆ ಮಾತ್ರ ಕೇಳಿ ಆ ಮನೆಗಳ ನಡುವಿನ ಗೆರೆಗಳನ್ನಷ್ಟೇ ಎಳೆದರೆ ಕಾಣುವುದು ಕಾಲುಭಾಗ ಸಂಬಂಧ, ಅದರ ಮೇಲೆ ‘ಇವನೇ ನಡುವಿನವನು’ ಅಂತ ತೀರ್ಮಾನಿಸುವುದು ಅಪಾಯ. ಅದರ ಬದಲು ಪ್ರತಿ ಓಣಿಯಲ್ಲಿ ಮೂರು ಮನೆಯಂತೆ 18 ಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿ: ‘ಈ ಓಣಿಯವರಿಗೆಲ್ಲ ಒಂದು ಹೊಸ ವಿಷಯ ಗೊತ್ತಾಗಬೇಕಂದರೆ ಯಾರಿಗೆ ಹೇಳಿದರೆ ಸಾಕು?’ ಎರಡು ಮೂರು ಸಲ ಬಂದ ಹೆಸರು ಹಿಡಿಯಿರಿ.

ಇದರಲ್ಲಿ ಕೆಡುವ ಜಾಗಗಳು ಗೊತ್ತಿರಲಿ. ‘ಊರಲ್ಲಿ ಯಾರ ಮಾತಿಗೆ ಬೆಲೆ’ ಅಂತ ಕೇಳಿದರೆ ಜನ ಗೌಡರ ಹೆಸರು, ಸದಸ್ಯರ ಹೆಸರು ಹೇಳುತ್ತಾರೆ. ಅದು ಮರ್ಯಾದೆಯ ಉತ್ತರ. ‘ಹೋದ ಸಲ ಬೆಳೆ ವಿಮೆ ಕಟ್ಟುವ ಕೊನೆ ದಿನ ನಿಮಗೆ ಯಾರಿಂದ ಗೊತ್ತಾಯಿತು’ ಅಂತ ನಡೆದುಹೋದ ಸಂಗತಿ ಕೇಳಿದರೆ ಬೇರೆ ಹೆಸರು ಬರುತ್ತದೆ. ಪ್ರಶ್ನೆಯನ್ನು ‘ಊರಿಗೆ’ ಅಂತ ಕೇಳದೆ ‘ಓಣಿಗೆ’ ಅಂತ ಕೇಳಿ. ಓಣಿ ಇರುವುದೇ ಜಾತಿಯ ಪ್ರಕಾರ; ಊರಿಗೆ ಅಂತ ಕೇಳಿದರೆ ದೊಡ್ಡ ಓಣಿಯ ಹೆಸರೇ ಬಂದು ಕೇರಿ ಪೂರ್ತಿ ಬಿಟ್ಟುಹೋಗುತ್ತದೆ. ಹೆಂಗಸರನ್ನು ಬೇರೆಯಾಗಿ, ಗಂಡಸರು ಇಲ್ಲದಾಗ ಕೇಳಿ. ಇನ್ನು ಬಸವರಾಜ ಅಂತ ಒಂದೇ ಓಣಿಯಲ್ಲಿ ನಾಲ್ವರಿರುತ್ತಾರೆ. ಹೆಸರಿನ ಜೊತೆ ಅಡ್ಡಹೆಸರು, ತಂದೆ ಹೆಸರು, ಮನೆ ಗುರುತು ಮೂರನ್ನೂ ಬರೆಯದಿದ್ದರೆ ನಾಲ್ವರ ಸಂಬಂಧ ಒಬ್ಬನ ತಲೆಗೆ ಕೂಡಿ ಅವನೇ ಊರಿನ ನಾಯಕ ಆಗಿಬಿಡುತ್ತಾನೆ, ಕಾಗದದ ಮೇಲೆ.

ಕೂರಿಗಿತಾಳ

ಮ್ಯಾಲಿನವ್ರು ಹೇಳಿದ್ದು ಖರೆ. ಆದ್ರ ಹಿಂಗಾರಿ ಅವರ, ನಿಮ್ಮ ಊರಾಗ ಸುದ್ದಿ ಮುಟ್ಟೈತಿ ಅಂತ ನೀವ ಬರದೀರಿ. ಮತ್ತ ಸುದ್ದಿಗಾರರನ್ನ ಹುಡುಕಿ ಏನ್ ಮಾಡ್ತೀರಿ?

ಬಿತ್ತೂ ದಿನ ಮುಂಜಾನೆ ರೈತನ ಬೀಜದ ಚೀಲಾ ಯಾರ ಕಣ್ಣಿಗೆ ಬೀಳ್ತೈತಿ, ಅವರನ್ನ ಹಿಡೀರಿ. ಈಗ ಎತ್ತಿನ ಕೂರಿಗಿ ಕಡಿಮಿ, ಬಾಡಿಗಿ ಟ್ರ್ಯಾಕ್ಟರ್ ಕೂರಿಗಿನ ಹೆಚ್ಚು. ಊರಾಗ ಅಂಥಾ ಟ್ರ್ಯಾಕ್ಟರ್ ನಾಕೋ ಐದೋ ಇರ್ತಾವು, ಒಬ್ಬೊಬ್ಬಾವ ಹತ್ತಿಪ್ಪತ್ತು ಮಂದಿ ಹೊಲಾ ಬಿತ್ತತಾನ. ಅವ ಸಭಾಕ್ಕ ಬಂದಿಲ್ಲ, ಯಾರೂ ಕರದೂ ಇಲ್ಲ. ಆದ್ರ ‘ಹಸಿ ಬೀಜಾ ತಂದ್ರ ನಾ ಬಿತ್ತೂದಿಲ್ಲ, ತಾಳ (ಕೂರಿಗಿಯಿಂದ ಬೀಜಾ ಇಳಿಯೂ ಕೊಳವಿ) ಕಟ್ಟತೈತಿ’ ಅಂತ ಅವ ಒಂದ್ ಮಾತ ಅಂದ್ರ ಇಪ್ಪತ್ತು ಮನಿ ಬೀಜೋಪಚಾರ ಅಲ್ಲೇ ಮುಗೀತು. ಅವ ಅನ್ನೂದ್ರಾಗ ತಪ್ಪೂ ಇಲ್ಲ. ಬೆಲ್ಲದ ನೀರು ಹೆಚ್ಚಾಗಿ ಕಾಳು ಅಂಟಿಕೊಂಡ್ರ ತಾಳಿನಾಗ ಸಿಗಬೀಳ್ತಾವು, ಸಾಲು ಖಾಲಿ ಹೋಗ್ತಾವು, ಎಂಟು ದಿನ ಬಿಟ್ಟು ನಾಟಿ ನೋಡಿದಾಗ ರೈತ ಬೈಯೂದು ಟ್ರ್ಯಾಕ್ಟರ್‌ನವಗ.

ಅದಕ್ಕ ಅಳತಿ ಸರಿಯಾಗಿ ಹೇಳ್ರಿ. ಎಕರೆಕ್ಕ 25 ಕೆ.ಜಿ. ಕಡಲಿ ಹಿಡದ್ರ ಟ್ರೈಕೋಡರ್ಮಾ 100 ಗ್ರಾಂ. ಬೆಲ್ಲದ ನೀರು ಕಾಸಿ, ಪೂರಾ ಆರಿಸಿ ಹಾಕಬೇಕು, ಬಿಸಿ ಇದ್ದಾಗ ಹಾಕಿದ್ರ ಜೀವಾಣು ಸಾಯ್ತಾವು. 25 ಕೆ.ಜಿಗೆ ಅರ್ಧ ಲೀಟರ್ ದಾಟಬಾರ್ದು. ಕಾಳಿಗೆ ಪಸಿ ಹತ್ತಬೇಕು, ತಾಡಪಾಲಿನ ಮ್ಯಾಲ ನೀರು ಸೋರಬಾರ್ದು. ಹಗರಕ್ಕ ಕೈಲೆ ತಿರುವಬೇಕು, ತಿಕ್ಕಿದ್ರ ಸಿಪ್ಪಿ ಏಳ್ತೈತಿ. ರೈಜೋಬಿಯಂ (ಬೇರಿನಾಗ ಸಾರಜನಕ ಹಿಡಿಯೂ ಜೀವಾಣು ಗೊಬ್ಬರ) ಹಾಕೂದಿದ್ರ ಅದು ಕಡೀಕ. ನೆಳ್ಳಾಗ ಹರವಿ, ಮುಷ್ಟಿಲೆ ಹಿಡದು ಬಿಟ್ರ ಕಾಳು ಬ್ಯಾರೆ ಬ್ಯಾರೆ ಉದುರೂ ಮಟಾ ಒಣಗಿಸಬೇಕು. ಬಿಸಲಾಗ ಹಾಕಬ್ಯಾಡ್ರಿ. ಅವತ್ತ ಬಿತ್ತಬೇಕು.

ಇನ್ನೊಂದು ಮಾತು. ಅಂಗಡಿಯಿಂದ, ಇಲ್ಲಾ ರೈತ ಸಂಪರ್ಕ ಕೇಂದ್ರದಿಂದ ತಂದ ಬೀಜಾ ಭಾಳ ಸಲ ಗುಲಾಬಿ ಬಣ್ಣದ್ದಿರ್ತೈತಿ, ಅಂದ್ರ ಮೊದಲ ಔಷಧ ಹಚ್ಚಿರ್ತಾರ. ಆ ಔಷಧ ಶಿಲೀಂಧ್ರ ಕೊಲ್ಲೂ ಕಾರ್ಬೆಂಡಜಿಮ್ ಇದ್ರ ಅದರ ಮ್ಯಾಲ ಟ್ರೈಕೋಡರ್ಮಾ ಹಚ್ಚೂದು ದಂಡ. ಚೀಲದ ಚೀಟಿ ಓದ್ರಿ. ಅಂಥಾ ಮನಿಗೆ ಹೋಗಿ ‘ಮಾಡ್ರಿ’ ಅಂದ್ರ ನಿಮ್ಮ ಮಾತಿನ ಕಿಮ್ಮತ್ತು ಹೋಗ್ತೈತಿ.

ಮತ್ತ ಗೊಬ್ಬರದ ಅಂಗಡಿಯವ್ರು. ಉದ್ರಿ ಕೊಡಾವ್ರು ಅವ್ರು. ಅವರ ಮಾತು ಮೀರಿದ್ರ ಮುಂದಿನ ಸಲ ಉದ್ರಿ ಸಿಗೂದಿಲ್ಲ ಅನ್ನೂ ಅಂಜಿಕಿ ಇರ್ತೈತಿ, ರೈತ ಬಾಯಿ ಬಿಟ್ಟು ಹೇಳೂದಿಲ್ಲ ಅಷ್ಟ. ಅವರ ಕೂಡ ಜಿದ್ದು ಬ್ಯಾಡ. ನಿಮ್ಮ ಪಾಕೀಟು ಅವರ ಅಂಗಡ್ಯಾಗ ಇಡ್ರಿ, ಅವರಿಗೂ ಎರಡು ರೂಪಾಯಿ ಉಳೀಲಿ.

ಧಾರವಾಡದ_ಓದುಗ

ಎರಡನೇ ಪ್ರಶ್ನೆಗೆ, ಅಂದರೆ ಗೊತ್ತಿದ್ದೂ ಯಾಕೆ ಮಾಡುವುದಿಲ್ಲ ಅನ್ನುವುದಕ್ಕೆ ಬರುತ್ತೇನೆ. ಸುದ್ದಿ ಒಬ್ಬರಿಂದ ಕೇಳಿದರೆ ಸಾಕು. ಮಾಡಿದರೆ ನಷ್ಟವಾದೀತು, ನಕ್ಕಾರು ಅನ್ನುವ ಕೆಲಸಕ್ಕೆ ಒಬ್ಬರು ಸಾಲುವುದಿಲ್ಲ, ತನ್ನಂಥ ಎರಡು ಮೂರು ಜನ ಮಾಡಿದ್ದು ಕಾಣಬೇಕು.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಇದನ್ನು ಲೆಕ್ಕ ಮಾಡಿ ತೋರಿಸಿದರು. ನೂರು ಜನರ ಗುಂಪು. ಒಬ್ಬ ಯಾರನ್ನೂ ಕಾಯದೆ ಮಾಡುವವನು. ಎರಡನೆಯವನು ಒಬ್ಬ ಮಾಡಿದರೆ ಮಾಡುವವನು, ಮೂರನೆಯವನು ಇಬ್ಬರು ಮಾಡಿದರೆ, ಹೀಗೆ 99ರ ತನಕ. ಸರಪಳಿ ಹಿಡಿದು ನೂರೂ ಜನ ಮಾಡುತ್ತಾರೆ. ಈಗ ಆ ಎರಡನೆಯವನೊಬ್ಬನನ್ನು ಮಾತ್ರ ಬದಲಾಯಿಸಿ, ಅವನೂ ಇಬ್ಬರು ಮಾಡುವ ತನಕ ಕಾಯುತ್ತಾನೆ ಅನ್ನಿ. ಮಾಡುವವನು ಒಬ್ಬನೇ ಉಳಿಯುತ್ತಾನೆ. 99 ಜನರ ಸ್ವಭಾವ ಹಾಗೇ ಇದೆ, ಫಲಿತಾಂಶ ಮಾತ್ರ ನೂರರಿಂದ ಒಂದಕ್ಕೆ ಬಂತು. ಒಂದು ಊರಲ್ಲಿ ನಡೆದು ಪಕ್ಕದ ಊರಲ್ಲಿ ನಡೆಯದಿದ್ದರೆ ‘ಆ ಊರಿನ ಮಂದಿನೇ ಹಂಗ’ ಅಂತ ಬರೆದುಬಿಡುವ ವರದಿಗಳನ್ನು ನಾನು ನಂಬದಿರುವುದು ಇದಕ್ಕೇ.

ನಿಮ್ಮ ಕೆಲಸಕ್ಕೆ ಇದರ ಅರ್ಥ: ಆರು ಓಣಿಗೆ ಆರು ಜನ ಅಂತ ಹಂಚಬೇಡಿ. ನ್ಯಾಯವಾಗಿ ಕಾಣುತ್ತದೆ, ಆದರೆ ಆರೂ ಜನ ಒಂಟಿಯಾಗುತ್ತಾರೆ. ಎರಡು ಓಣಿ ಆರಿಸಿ, ಒಂದೊಂದರಲ್ಲಿ ಮೂವರು, ಆ ಮೂವರೂ ಒಬ್ಬರ ಹೊಲಕ್ಕೆ ಒಬ್ಬರು ಮುಯ್ಯಾಳು ಹೋಗುವವರು ಅಥವಾ ಹೊಲದ ಬದು ಕೂಡಿದವರು. ಆಗ ನಾಲ್ಕನೆಯವನಿಗೆ ಒಂದೇ ವಾರದಲ್ಲಿ ಮೂರು ಕಡೆಯಿಂದ ಅದೇ ಕಾಣುತ್ತದೆ. ಮಲಾವಿ ದೇಶದ 200 ಹಳ್ಳಿಗಳಲ್ಲಿ ಗುಂಡಿ ತೋಡಿ ಬಿತ್ತುವ ಪದ್ಧತಿಯನ್ನು ಊರಿಗೆ ಇಬ್ಬರು ರೈತರ ಮೂಲಕ ಹರಡಿಸಿ ನೋಡಿದ ಅಧ್ಯಯನದಲ್ಲಿ, ಬಹಳಷ್ಟು ರೈತರಿಗೆ ಒಬ್ಬರಿಗಿಂತ ಹೆಚ್ಚು ಜನರಿಂದ ಕಲಿತ ಮೇಲೆಯೇ ಧೈರ್ಯ ಬರುತ್ತದೆ ಅಂತ ಕಂಡಿತು. ಸಮಾಜಶಾಸ್ತ್ರಜ್ಞ ಡೇಮನ್ ಸೆಂಟೋಲಾ 2010ರಲ್ಲಿ ಅಂತರ್ಜಾಲದಲ್ಲಿ ಮಾಡಿದ ಪ್ರಯೋಗದಲ್ಲೂ ಹಾಗೇ: ಒತ್ತೊತ್ತಾಗಿ ಹೆಣೆದ ಜಾಲದಲ್ಲಿ ನಡವಳಿಕೆ ಸುಮಾರು 54% ಜನರನ್ನು ಮುಟ್ಟಿತು, ಚದುರಿದ ಜಾಲದಲ್ಲಿ 38%.

ಯಾರು ಅನ್ನುವುದೂ ಮುಖ್ಯ. ಬೋರ್ ಇರುವ 40 ಎಕರೆಯವರ ಹೊಲದಲ್ಲಿ ಚೆನ್ನಾಗಿ ಬಂದರೆ, ಮಳೆ ನಂಬಿದ ಮೂರು ಎಕರೆಯವನು ‘ಅವರಿಗೆ ನಡೀತೈತಿ ಬಿಡ್ರಿ’ ಅನ್ನುತ್ತಾನೆ. ಮಲಾವಿಯ ಇನ್ನೊಂದು ಅಧ್ಯಯನದಲ್ಲಿ ರೈತರು ಹೆಚ್ಚು ನಂಬಿದ್ದು ತಮ್ಮಂಥದೇ ಹೊಲ, ತಮ್ಮಂಥದೇ ಸ್ಥಿತಿ ಇದ್ದವರನ್ನು. ನಿಮ್ಮ ಇಬ್ಬರು ದೊಡ್ಡ ಹೊಲದವರಿಗೆ ಸಭೆಯಲ್ಲಿ ಹಾರ ಹಾಕಿ, ಪ್ರಾತ್ಯಕ್ಷಿಕೆ ಬೇರೆಯವರಲ್ಲಿ ಮಾಡಿ.

ದೊಡ್ಡ ತೊಡಕು ಇನ್ನೊಂದಿದೆ. ಬೀಜೋಪಚಾರ ಕಣ್ಣಿಗೆ ಬೀಳುವ ಕೆಲಸವಲ್ಲ. ಡ್ರಿಪ್ ಹಾಕಿದರೆ ರಸ್ತೆಯಿಂದ ಕಾಣುತ್ತದೆ. ಇದು ಮನೆ ಪಡಸಾಲೆಯಲ್ಲಿ ಮುಗಿದು ಮಣ್ಣೊಳಗೆ ಹೋಗುತ್ತದೆ. ಪಕ್ಕದವನು ಮಾಡಿದನೋ ಇಲ್ಲವೋ ಗೊತ್ತೇ ಆಗದಿದ್ದರೆ ಜಾಲ ಎಷ್ಟು ಗಟ್ಟಿ ಇದ್ದರೂ ಅದರಲ್ಲಿ ಹರಿಯುವುದೇನು? ಹಾಗಾಗಿ ಕಾಣುವಂತೆ ಮಾಡಬೇಕು. ಬೀಜಕ್ಕೆ ಹಚ್ಚುವುದನ್ನು ಓಣಿಯಲ್ಲಿ, ಹಿಟ್ಟಿನ ಗಿರಣಿ ಮುಂದೆ ತಾಡಪಾಲು ಹಾಸಿ ಮಾಡಿ. ಗುಡಿ ಮುಂದೆ ಇಟ್ಟರೆ ಕೆಲವರು ಬರುವುದಿಲ್ಲ, ಕಾರಣ ಎಲ್ಲರಿಗೂ ಗೊತ್ತು. ಆಮೇಲೆ ಹೊಲದಲ್ಲಿ, ಬಂಡಿದಾರಿಯ ಕಡೆಗೆ ಕೂರಿಗೆಯ ಒಂದು ಸುತ್ತು ಉಪಚಾರವಿಲ್ಲದ ಬೀಜ ಬಿತ್ತಿ ಎರಡೂ ತುದಿಗೆ ಸುಣ್ಣ ಬಳಿದ ಕಲ್ಲು ಇಡಿ. ಸೊರಗು ರೋಗ ಹೊಲದಲ್ಲಿ ಅಲ್ಲಲ್ಲಿ ತುಣುಕಾಗಿ ಬರುವುದರಿಂದ ಇಂಥ ಪಟ್ಟಿ ಎರಡು ಕಡೆ ಇರಲಿ. ಒಂದೇ ಇದ್ದು ಅಲ್ಲಿ ರೋಗವೇ ಬರದಿದ್ದರೆ ನಿಮ್ಮ ಪ್ರಾತ್ಯಕ್ಷಿಕೆ ನಿಮಗೇ ಎದುರು ಸಾಕ್ಷಿ. 30 ದಿನಕ್ಕೆ ಒಮ್ಮೆ, ಹೂ ಬಿಡುವಾಗ ಒಮ್ಮೆ, ಹತ್ತು ಮೀಟರ್ ಸಾಲಿನಲ್ಲಿ ಎಷ್ಟು ಗಿಡದಲ್ಲಿ ಎಷ್ಟು ಬಾಡಿವೆ ಅಂತ ಎಣಿಸಿ, ರೈತರೇ ಎಣಿಸಲಿ.

ಪ್ರತಿ ವರ್ಷ ಸೊರಗಿ ಹಾಳಾದ ಹೊಲವನ್ನು ಮಾತ್ರ ಆರಿಸಬೇಡಿ. ಆ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ; ಅಂಥಲ್ಲಿ ಬೀಜೋಪಚಾರವೊಂದೇ ಬೆಳೆ ಉಳಿಸುವುದಿಲ್ಲ, ತಳಿ ಬದಲಿಸಬೇಕು, ಬೆಳೆಯನ್ನೂ ಬದಲಿಸಬೇಕು. ಅಣ್ಣಿಗೇರಿ-1 ಬಿಟ್ಟು ರೋಗ ತಡೆಯುವ ಸೂಪರ್ ಅಣ್ಣಿಗೇರಿ-1 ಥರದ್ದಕ್ಕೆ ಹೋಗುವುದು ಒಂದು ದಾರಿ. ಕೆಟ್ಟ ಹೊಲದಲ್ಲಿ ಸೋತರೆ ‘ಹಾಕಿದ್ರೂ ಸೊರಗಿತು’ ಅನ್ನುವ ಮಾತು ನಿಮ್ಮ ವಿಡಿಯೊಗಿಂತ ಬೇಗ ಓಡುತ್ತದೆ.

ಬದುವಿನಾಚೆ

ಎಲ್ಲವನ್ನೂ ‘ಯಾರು ಯಾರಿಗೆ ಹೇಳಿದರು’ ಅನ್ನುವುದಕ್ಕೆ ಕಟ್ಟಬೇಡಿ. ಊರಿನ ಎಷ್ಟು ಹೊಲ ಲಾವಣಿಗೆ (ಗೇಣಿಗೆ) ಹೋಗಿದೆ ಅಂತ ಮೊದಲು ಕೇಳಿ. ಒಂದು ವರ್ಷದ ಮಾತಿಗೆ ಹೊಲ ಹಿಡಿದವನು ಮುಂದಿನ ವರ್ಷದ ಮಣ್ಣಿನ ಚಿಂತೆ ಯಾಕೆ ಮಾಡಬೇಕು? ಹೊಲದ ಯಜಮಾನ ಗದಗಿನಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತಾನೆ, ಅವನಿಗೆ ಲಾವಣಿ ಹಣ ಬಂದರೆ ಮುಗಿಯಿತು. ಇಲ್ಲಿ ತಿಳುವಳಿಕೆಯ ಕೊರತೆ ಇಲ್ಲ, ಓಣಿಯ ಒತ್ತಡವೂ ಇಲ್ಲ. ಇರುವುದು ಕರಾರು.

ಸಾಲವೂ ಹಾಗೇ. ದಲಾಲರ ಅಂಗಡಿಯಲ್ಲಿ ಮುಂಗಡ ತೆಗೆದವನು ಮಾಲು ಅಲ್ಲೇ ಹಾಕಬೇಕು, ಬೀಜವೂ ಅವರು ಹೇಳಿದ್ದೇ. ಈ ಬಿಗಿ ಹೊಸದೇನಲ್ಲ. 1905ರಲ್ಲಿ ನಿಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದ್ದು ಸಾಲದ ದಾರಿಯನ್ನೇ ಬದಲಿಸುವುದಕ್ಕೆ. ಸಾಲ ಕೊಡುವವರು ಬದಲಾದರೆ ಯಾರ ಮಾತು ಕೇಳಬೇಕು ಅನ್ನುವುದೂ ಬದಲಾಗುತ್ತದೆ. ಮೇಲೆ ಹೆಸರಿಸಿದ ತಂಡದವರೇ ಕರ್ನಾಟಕದ 75 ಹಳ್ಳಿಗಳನ್ನು ಹಿಂಬಾಲಿಸಿ, ಕಿರುಸಾಲ ಸಂಸ್ಥೆ ಬಂದ 43 ಊರುಗಳಲ್ಲಿ ಏನಾಯಿತು ಅಂತ ನೋಡಿದ್ದಾರೆ. ಸಾಲ ಬಂದ ಊರಲ್ಲಿ ಕೈಗಡ, ಸಲಹೆಯ ಸಂಬಂಧಗಳು ತೆಳುವಾದವು, ಅದೂ ಸಾಲ ತೆಗೆಯದವರ ನಡುವೆಯೂ. ನಿಮ್ಮ ಊರಿನ ನಕ್ಷೆಯನ್ನು ಒಮ್ಮೆ ಬರೆದರೆ ಐದು ವರ್ಷ ನಡೆಯುತ್ತದೆ ಅಂದುಕೊಳ್ಳಬೇಡಿ.

ಹಿಂಗಾರಿ_ಗದಗ

ಎಲ್ಲರಿಗೂ ಶರಣು. ಟ್ರ್ಯಾಕ್ಟರ್ ಕೂರಿಗೆಯವರು ಲೆಕ್ಕದಲ್ಲೇ ಇರಲಿಲ್ಲ. ನಾಲ್ಕು ಜನ ಇದ್ದಾರೆ, ನಾಲ್ವರನ್ನೂ ಕೂಡಿಸುತ್ತೇನೆ.

ಅಳತೆಯ ಪ್ರಶ್ನೆ ಉಳಿಯಿತು. ಹೋದ ಸಲ ‘ಮಾಡೇವ್ರಿ’ ಅಂದವರೇ ಬಹಳ. ಇನ್ನೊಂದು ಸಂಶಯ: ಹೊಲ ಕೂಡಿದ ಇಬ್ಬರು ಮಾಡಿದ್ದರೆ ಒಬ್ಬನನ್ನು ನೋಡಿ ಇನ್ನೊಬ್ಬ ಮಾಡಿದ ಅಂತ ಬರೆಯಬಹುದೆ?

ಓಣಿನಕ್ಷೆ

ಬರೆಯಬಾರದು. ಇಬ್ಬರೂ ಒಂದೇ ಅಂಗಡಿಯಲ್ಲಿ ಬೀಜ ತಂದಿರಬಹುದು, ಅಂಗಡಿಯವರು ಪಾಕೀಟನ್ನು ಬೀಜದ ಜೊತೆಗೇ ಕೊಟ್ಟಿರಬಹುದು. ಅಣ್ಣತಮ್ಮಂದಿರು ಪಾಲಾಗಿ ಬದು ಹಾಕಿಕೊಂಡಿದ್ದರೆ ಮೊದಲಿನಿಂದಲೂ ಒಂದೇ ಥರ ಒಕ್ಕಲುತನ ಮಾಡುವವರು. ಒಂದೇ ಥರದವರು ಹತ್ತಿರವಿರುವುದು, ಹತ್ತಿರವಿದ್ದವರು ಒಂದೇ ಥರ ಆಗುವುದು, ಇಬ್ಬರಿಗೂ ಹೊರಗಿನಿಂದ ಒಂದೇ ಪ್ರಭಾವ ಬೀಳುವುದು: ಮೂರೂ ಕೊನೆಗೆ ಒಂದೇ ರೀತಿ ಕಾಣುತ್ತವೆ. ಒಂದೇ ಸಲದ ಸರ್ವೆಯಿಂದ ಬಿಡಿಸಲು ಬರುವುದಿಲ್ಲ.

ಬಿಡಿಸಲು ಸುಲಭದ ಉಪಾಯ ಚೀಟಿ. ಯಾವ ಎರಡು ಓಣಿ ಈ ವರ್ಷ, ಯಾವ ನಾಲ್ಕು ಮುಂದಿನ ವರ್ಷ ಅನ್ನುವುದನ್ನು ನೀವು ಆರಿಸದೆ ಚೀಟಿ ಎತ್ತಿಸಿ, ಎಲ್ಲರ ಎದುರು. ನೀವೇ ಆರಿಸಿದರೆ ಉತ್ಸಾಹ ಇದ್ದ ಓಣಿಯನ್ನೇ ಆರಿಸುತ್ತೀರಿ, ಆಮೇಲೆ ಅದು ನಿಮ್ಮ ಕೆಲಸದ ಫಲವೋ ಆ ಓಣಿಯ ಉತ್ಸಾಹವೋ ಹೇಳಲಾಗುವುದಿಲ್ಲ. ಆರು ಓಣಿಯಿಂದ ದೊಡ್ಡ ತೀರ್ಮಾನ ಬಾರದು. ಅಕ್ಕಪಕ್ಕದ ಏಳೆಂಟು ಊರು ಸೇರಿಸಿಕೊಂಡು ಊರಿಗೊಂದು ಚೀಟಿ ಎತ್ತಿದರೆ ಮಾತಿಗೆ ತೂಕ ಬರುತ್ತದೆ.

‘ಮಾಡೇವ್ರಿ’ ಪರೀಕ್ಷೆಗೆ ಪಾಕೀಟು ಎಣಿಸಿ. ಎಕರೆಗೆ 100 ಗ್ರಾಂ ಅಂದರೆ ಒಂದು ಕೆ.ಜಿ. ಪಾಕೀಟು ಹತ್ತು ಎಕರೆಗೆ. 60 ಜನ ಮಾಡೇವಿ ಅಂದು, ಅವರ ಕಡಲೆ ಹೊಲ 180 ಎಕರೆ ಅಂತ ಲೆಕ್ಕ ಬಂದರೆ 18 ಕೆ.ಜಿ. ಹೋಗಿರಬೇಕು. ರೈತ ಸಂಪರ್ಕ ಕೇಂದ್ರ, ಸೊಸೈಟಿ, ಅಂಗಡಿ ಮೂರೂ ಕಡೆ ಕೂಡಿ ಆ ಊರಿಗೆ 5 ಕೆ.ಜಿ. ಹೋಗಿದ್ದರೆ ಉತ್ತರ ಸಿಕ್ಕಿತು. ತಿಪ್ಪೆ ಗೊಬ್ಬರಕ್ಕೆ ಬೆರೆಸಲು ಒಯ್ದವರೂ ಇರುತ್ತಾರಾದ್ದರಿಂದ ನಿಜವಾದ ಸಂಖ್ಯೆ ಅದಕ್ಕಿಂತ ಕಡಿಮೆಯೇ ಹೊರತು ಹೆಚ್ಚಲ್ಲ. ಕೇಳುವಾಗಲೂ ‘ಮಾಡಿದಿರಾ’ ಅನ್ನಬೇಡಿ. ‘ಬಿತ್ತುವ ದಿನ ಬೀಜಕ್ಕೆ ಏನೇನು ಮಾಡಿದಿರಿ, ಯಾರು ಮಾಡಿದರು, ಎಲ್ಲಿ ಒಣಗಿಸಿದಿರಿ’ ಅನ್ನಿ. ಮಾಡಿದವರು ತಾಡಪಾಲು, ಬೆಲ್ಲ, ಯಾರ ಕೈ ಅಂತ ಹೇಳುತ್ತಾರೆ. ಮಾಡದವರು ‘ಹಚ್ಚೇವ್ರಿ’ ಅಂದು ನಿಲ್ಲುತ್ತಾರೆ. ಕಂಪನಿಯ ಅಂಗಿ ಹಾಕಿಕೊಂಡು ನೀವೇ ಕೇಳಲು ಹೋಗಬೇಡಿ, ಸಂಬಂಧ ಇಲ್ಲದ ಯಾರನ್ನಾದರೂ ಕಳಿಸಿ.

ಕೂರಿಗಿತಾಳ

ಒಂದು ಬಿಟ್ಟಿದ್ದೆ. ಬಿತ್ತೂ ಕಾಳು ಆರಿಸಿ, ಹಸನ ಮಾಡಿ ತಗದಿಡಾವ್ರು ಮನ್ಯಾಗಿನ ಹೆಣ್ಣಮಕ್ಕಳು. ಬೆಲ್ಲದ ನೀರು ಕಾಸೂದು ಅವರ ಒಲಿ ಮ್ಯಾಲ. ನಿಮ್ಮ ಸಭಾಕ್ಕ ಸಂಘದ ಅಧ್ಯಕ್ಷೆ ಒಬ್ಬಾಕಿನ್ನ ಕರದೀರಿ, ಅದೂ ಫೋಟೊಕ್ಕ. ಗಿರಣಿ ಮುಂದ ತಾಡಪಾಲು ಹಾಸಿದಾಗ ಗಂಡಸರಿಗೆ ಭಾಷಣ ಮಾಡಬ್ಯಾಡ್ರಿ, ಹಿಟ್ಟು ಬೀಸಾಕ ಬಂದ ಅಕ್ಕಗೋಳ ಕೈಯಾಗ ಪಾಕೀಟು ಕೊಟ್ಟು ಅವರ ಕಡಿಂದನ ಹಚ್ಚಸ್ರಿ.

ಟ್ರ್ಯಾಕ್ಟರ್‌ನವರನ್ನ ಕೂಡಿಸೂದು ಬಿತ್ತಿಗಿ ಹತ್ತೂಕಿಂತ ಹದಿನೈದು ದಿನ ಮೊದಲ ಇರ್ಲಿ. ಹದಾ ಬಂದ ಮ್ಯಾಲ ಅವ್ರು ಯಾರ ಕೈಗೂ ಸಿಗೂದಿಲ್ಲ. ಪಾಕೀಟಿನ ಮ್ಯಾಲಿನ ತಾರೀಖು ನೋಡಿ ತರಸ್ರಿ, ಪತ್ರಾಸಿನ ಮನ್ಯಾಗ ಇಡಬ್ಯಾಡ್ರಿ.